ಹೇಳಿಕೊಟ್ಟವರು ಯಾರು? 1612ರ ಲ್ಯಾಂಕಾಸ್ಟರ್ ವಿಚಾರಣೆಗಳಲ್ಲಿ ಇಬ್ಬರು ಹುಡುಗಿಯರ ಸಾಕ್ಷ್ಯ

ಮಾಟದ ಮೊಕದ್ದಮೆಗಳಲ್ಲಿ ಮಕ್ಕಳ ಸಾಕ್ಷ್ಯದ ಮಾತು ಬಂದಾಗ ಇಂಗ್ಲೆಂಡಿನ ಪೆಂಡಲ್ ಪ್ರಕರಣವನ್ನೇ ಮೇಲ್ಪಂಕ್ತಿಯೆಂದು ಹೇಳುವ ರೂಢಿಯಿದೆ. 1612ರಲ್ಲಿ ಒಂಬತ್ತರ ಆಸುಪಾಸಿನ ಜೆನೆಟ್ ಡಿವೈಸ್‌ಳ ಮಾತನ್ನು ಲ್ಯಾಂಕಾಸ್ಟರ್ ನ್ಯಾಯಾಲಯ ಒಪ್ಪಿದ್ದರಿಂದಲೇ 1692ರ ಸೇಲಂವರೆಗೆ ದಾರಿ ತೆರೆಯಿತು ಎಂಬುದು ಆ ವಾದ. ಕಾಲಕ್ರಮ ಇದಕ್ಕೆ ಒಗ್ಗುವುದಿಲ್ಲ. 1582ರಲ್ಲೇ ಸೇಂಟ್ ಓಸಿತ್‌ನ ಉರ್ಸುಲಾ ಕೆಂಪ್‌ಳ ವಿರುದ್ಧ ಅವಳ ಎಂಟು ವರ್ಷದ ಮಗನಿಂದ ಹೇಳಿಕೆ ಪಡೆಯಲಾಗಿತ್ತು. 1593ರ ವಾರ್ಬಾಯ್ಸ್ ಮೊಕದ್ದಮೆ ಹುಟ್ಟಿದ್ದೇ ಥ್ರಾಕ್‌ಮಾರ್ಟನ್ ಮನೆಯ ಹುಡುಗಿಯರ ಆಪಾದನೆಯಿಂದ. ಜೇಮ್ಸ್ ದೊರೆಯ ‘ಡೀಮನಾಲಜಿ’ (1597) ಇಂಥ ಅಪರಾಧದಲ್ಲಿ ಮಕ್ಕಳೂ ಸಾಕ್ಷಿಗಳಾಗಬಹುದೆಂದಿತ್ತು.

ಹಾಗಾಗಿ ಮಕ್ಕಳ ಸಾಕ್ಷ್ಯ ಯಾವಾಗ ಶುರುವಾಯಿತು ಎಂಬುದಕ್ಕಿಂತ, ಯಾವ ಮಗುವನ್ನು ಏಕೆ ನಂಬಿದರು ಎಂಬುದನ್ನು ಕೇಳಬೇಕು. ಇದಕ್ಕೆ ಲ್ಯಾಂಕಾಸ್ಟರಿನ ಅದೇ ಕಲಾಪದಲ್ಲೇ ಒಂದು ಜೋಡಿ ಉದಾಹರಣೆಯಿದೆ.

ಆಗಸ್ಟ್ 18ರಂದು ಜೆನೆಟ್ ತಾಯಿ ಎಲಿಜಬೆತ್‌ಳ ವಿರುದ್ಧ ನಿಂತಳು. ತಾಯಿ ಕಿರುಚಾಡಿದ್ದರಿಂದ ಅವಳನ್ನು ಹೊರಗೊಯ್ದು, ಹುಡುಗಿಯನ್ನು ಮೇಜಿನ ಮೇಲೆ ನಿಲ್ಲಿಸಿ ಮಾತಾಡಿಸಿದರು. ಆಲಿಸ್ ನಟರ್ ವಿಷಯದಲ್ಲಿ ನ್ಯಾಯಾಧೀಶ ಎಡ್ವರ್ಡ್ ಬ್ರಾಮ್ಲಿ ಒಂದು ಗುರುತು ಪತ್ತೆ ಪರೀಕ್ಷೆಯನ್ನೇ ನಡೆಸಿದ. ಸಾಲಿನಲ್ಲಿ ನಿಂತವರ ನಡುವೆ ಜೆನೆಟ್ ಆಲಿಸ್‌ಳ ಕೈ ಹಿಡಿದಳು. ಮಾಟಗಾತಿಯರು ಸೇರಿದ್ದರೆನ್ನಲಾದ ಮಾಲ್ಕಿನ್ ಟವರ್‌ನ ಊಟದಲ್ಲಿ ಅವಳು ಕೂತಿದ್ದ ಜಾಗವನ್ನೂ ಹೇಳಿದಳು. ಕಲ್ಪಿತ ಹೆಸರಿನ ಹೆಂಗಸೊಬ್ಬಳು ಬಂದಿದ್ದಳೇ ಎಂಬ ಬಲೆಯ ಪ್ರಶ್ನೆಗೆ, ಅಂಥವಳನ್ನು ತಾನರಿಯೆ ಎಂದಳು.

19ರಂದು ಸ್ಯಾಮಲ್ಸ್‌ಬರಿಯ ಗ್ರೇಸ್ ಸೋವರ್‌ಬಟ್ಸ್ ಸಾಕ್ಷಿ ಹೇಳಿದಳು. ವಯಸ್ಸು ಹದಿನಾಲ್ಕರ ಸುಮಾರು. ಆಪಾದಿತರಾದ ಮೂವರು ಹೆಂಗಸರಲ್ಲಿ ಅವಳ ಅಜ್ಜಿಯೂ ಅತ್ತೆಯೂ ಇದ್ದರು. ಅವರು ಮಂಡಿಯೂರಿ, ಅಳುತ್ತ, ಇವಳಿಗೆ ಇದನ್ನು ಹೇಳಿಕೊಟ್ಟವರಾರೆಂದು ವಿಚಾರಿಸುವಂತೆ ಬೇಡಿದರು. ಬ್ರಾಮ್ಲಿ ಅವಳನ್ನು ಪ್ರತ್ಯೇಕವಾಗಿ ವಿಚಾರಿಸಲು ಇಬ್ಬರಿಗೆ ಒಪ್ಪಿಸಿದ. ಕ್ಯಾಥೊಲಿಕ್ ಪಾದ್ರಿಯೊಬ್ಬ ತನಗೆ ಕಲಿಸಿದನೆಂದು ಗ್ರೇಸ್ ಒಪ್ಪಿಕೊಂಡಳು. ಮೂವರು ಹೆಂಗಸರೂ ಬಿಡುಗಡೆಯಾದರು.

ಎರಡು ಪರೀಕ್ಷೆಗಳೂ ಒಂದೇ ಜಾತಿಯವಲ್ಲ. ಬಲೆಯ ಪ್ರಶ್ನೆ ಜೆನೆಟ್‌ಳ ನೆನಪಿನ ಗಟ್ಟಿತನವನ್ನು ತೋರಿಸೀತು. ಚೆನ್ನಾಗಿ ಪಾಠ ಒಪ್ಪಿಸುವ ಮಗುವೂ ಅದರಲ್ಲಿ ಪಾಸಾಗುತ್ತದೆ. ಕಲಿಸಿದವರಾರೆಂಬ ಪ್ರಶ್ನೆ ಎದುರಾದದ್ದು ಗ್ರೇಸ್‌ಗೆ ಮಾತ್ರ. ಜೆನೆಟ್‌ಳಿಗೆ ಅದನ್ನು ಕೇಳಿದ್ದರೆ ಉತ್ತರ ರೋಜರ್ ನೋವೆಲ್‌ನತ್ತ, ಅಂದರೆ ಅವಳ ಹೇಳಿಕೆ ಪಡೆದ ಮ್ಯಾಜಿಸ್ಟ್ರೇಟನತ್ತ, ತಿರುಗುವ ಸಾಧ್ಯತೆಯಿತ್ತು. ಮಗುವಿನ ವಯಸ್ಸಿಗಿಂತ ಅದರ ಬೆನ್ನಿಗಿದ್ದವರ ಸ್ಥಾನವೇ ನಂಬಿಕೆಯನ್ನು ನಿರ್ಧರಿಸಿತೆಂದು ನನ್ನ ವಾದ.

ಈ ವಾದಕ್ಕೆ ಮಿತಿಗಳಿವೆ. ನೋವೆಲ್ ಪಾಠ ಹೇಳಿಕೊಟ್ಟನೆಂದು ನಾನು ಹೇಳುತ್ತಿಲ್ಲ. ಆ ಪ್ರಶ್ನೆ ಏಳಲಿಲ್ಲವೆಂಬುದಷ್ಟೇ ದಾಖಲೆಯಿಂದ ತೋರುತ್ತದೆ. ಡಿವೈಸ್ ಕುಟುಂಬದಲ್ಲಿ ತಪ್ಪೊಪ್ಪಿಗೆಗಳಿದ್ದವು, ಸ್ಯಾಮಲ್ಸ್‌ಬರಿಯಲ್ಲಿ ಇರಲಿಲ್ಲವೆಂಬ ಆಕ್ಷೇಪವೂ ತೂಕದ್ದೇ. ಆಲಿಸ್ ಕೊನೆವರೆಗೂ ಒಪ್ಪಿಕೊಳ್ಳದಿದ್ದರೂ, ಅವಳ ವಿರುದ್ಧ ಜೆನೆಟ್ ಅಲ್ಲದೆ ಅವಳ ಅಣ್ಣ ಜೇಮ್ಸ್ ಮತ್ತು ಎಲಿಜಬೆತ್ ಡಿವೈಸರ ಹೇಳಿಕೆಗಳಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಇವೆಲ್ಲ ನಮಗೆ ಸಿಗುವುದು ನ್ಯಾಯಾಲಯದ ಗುಮಾಸ್ತ ಥಾಮಸ್ ಪಾಟ್ಸ್‌ನ 1613ರ ಪುಸ್ತಕದಿಂದ. ಬ್ರಾಮ್ಲಿಯೇ ತಿದ್ದಿದ ಪುಸ್ತಕವದು. ಪಾಟ್ಸ್ ವಿಚಾರಣಾಪೂರ್ವ ಹೇಳಿಕೆಗಳನ್ನು ಜೋಡಿಸಿ ಕಲಾಪವನ್ನು ಕಟ್ಟಿಕೊಟ್ಟಿದ್ದಾನೆಂದು ವಿದ್ವಾಂಸೆ ಮೇರಿಯನ್ ಗಿಬ್ಸನ್ ತೋರಿಸಿದ್ದಾರೆ. ಎರಡು ಪ್ರಕರಣಗಳ ಅಚ್ಚುಕಟ್ಟಾದ ವೈದೃಶ್ಯವೂ ಭಾಗಶಃ ಅವನ ಕೈಚಳಕವಿರಬಹುದು.

ಆದರೂ 1634ರ ಲ್ಯಾಂಕಷೈರ್ ಪ್ರಕರಣ ಈ ಓದಿಗೆ ಒತ್ತಾಸೆಯಾಗಿದೆ. ಮಾಟದ ಆಪಾದನೆ ಹೊರಿಸಿದ್ದ ಹತ್ತು ವರ್ಷದ ಎಡ್ಮಂಡ್ ರಾಬಿನ್ಸನ್‌ನನ್ನು ಲಂಡನ್ನಿಗೆ ಕರೆಸಿ, ತಂದೆಯಿಂದ ಬೇರ್ಪಡಿಸಿ ವಿಚಾರಿಸಿದಾಗ, ಎಲ್ಲವೂ ಕಟ್ಟುಕತೆಯೆಂದು ಅವನು ಒಪ್ಪಿಕೊಂಡ. ಇದು ಸ್ಯಾಮಲ್ಸ್‌ಬರಿಯಿಂದ ಕಲಿತ ಕ್ರಮವೋ, ರಾಜಧಾನಿಯಲ್ಲಿ ಬೆಳೆಯುತ್ತಿದ್ದ ಸಂಶಯದ ಫಲವೋ ಎಂಬುದು ಇನ್ನೂ ಬಗೆಹರಿಯಬೇಕಿದೆ. ಇದೇ ಪ್ರಕರಣದಲ್ಲಿ ಸಿಕ್ಕಿ 1636ರ ಲ್ಯಾಂಕಾಸ್ಟರ್ ಸೆರೆಮನೆಯ ಪಟ್ಟಿಯಲ್ಲಿರುವ ಜೆನೆಟ್ ಡಿವೈಸ್ 1612ರ ಹುಡುಗಿಯೇ ಎಂಬುದೂ ಅಷ್ಟೆ. ಹೆಸರಿನ ಹೋಲಿಕೆಯೊಂದೇ ಅದಕ್ಕೆ ಸಾಲದು.