ಸಮುದ್ರಕ್ಕೆ ಟ್ರಿಪ್ ಹೊರಟಿದ್ದೀರಾ? ಚಿಟ್ಟೆ ಗುರುತಿಸೋದು ಹೀಗೆ

ಸತ್ಯಮಂಗಲ: ನವೆಂಬರ್ ಬಂತೆಂದರೆ ನಮ್ಮ ಕಡೆಯ ಸ್ಕೂಲ್ ಬಸ್ಸು, ಟಿಟಿಗಳು ಸಮುದ್ರದ ದಾರಿ ಹಿಡಿಯುತ್ತವೆ. ಗುಬ್ಬಿ ಕಡೆಯವರು ತಿಪಟೂರು, ಅರಸೀಕೆರೆ, ಶಿವಮೊಗ್ಗ ದಾಟಿ ಹೊನ್ನಾವರಕ್ಕೆ, ಕುಣಿಗಲ್‌ನವರು ಹಾಸನ, ಶಿರಾಡಿ ಘಾಟಿ ಇಳಿದು ಮಂಗಳೂರಿಗೆ. ಮಳೆ ಮುಗಿದ ಮೇಲಿನ ಈ ತಿಂಗಳುಗಳೇ ಅಲ್ಲಿ ಚಿಟ್ಟೆ ನೋಡೋಕೆ ಒಳ್ಳೆ ಸಮಯ.

ಅಲೆ ಬಡಿಯುವ ಮರಳಿನಲ್ಲಿ ಹುಡುಕಿದರೆ ಸಿಗೋದು ಕಮ್ಮಿ. ಬೀಚ್ ಹಿಂದಿನ ಪೊದೆ, ಲಂಟಾನ ಹೂವು, ತೆಂಗಿನ ತೋಟದ ಬೇಲಿ, ಹಳ್ಳ ಬಂದು ಸಮುದ್ರ ಸೇರುವ ಒದ್ದೆ ಜಾಗ ನೋಡಿ. ಒದ್ದೆ ಮಣ್ಣಿನ ಮೇಲೆ ಗುಂಪಾಗಿ ಕೂತಿದ್ದರೆ ಅವು ಹೆಚ್ಚಾಗಿ ಗಂಡು ಚಿಟ್ಟೆಗಳು, ಉಪ್ಪಿನಂಶ ಹೀರುತ್ತಿರುತ್ತವೆ. ಬೆಳಿಗ್ಗೆ 9ರಿಂದ 12ರ ಬಿಸಿಲೇ ಸರಿಯಾದ ಹೊತ್ತು.

ಹೆಚ್ಚು ಜನ ಎಡವೋದು ಒಂದೇ ಕಡೆ. ಕಪ್ಪು ರೆಕ್ಕೆ, ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟಿ, ಹಿಂದಿನದರಲ್ಲಿ ಕೆಂಪು ಚುಕ್ಕೆ ಕಂಡ ತಕ್ಷಣ ಕ್ರಿಮ್ಸನ್ ರೋಸ್ ಅಂತ ಸ್ಟೇಟಸ್ ಹಾಕಿಬಿಡುತ್ತಾರೆ. ರೆಕ್ಕೆ ಬಿಟ್ಟು ಮೈ ನೋಡಬೇಕು. ತಲೆ, ಹೊಟ್ಟೆ ಕೆಂಪಗಿದ್ದರೆ ಮಾತ್ರ ಕ್ರಿಮ್ಸನ್ ರೋಸ್. ಮೈ ಕಪ್ಪಗಿದ್ದರೆ ಅದು ಕಾಮನ್ ಮಾರ್ಮನ್ ಜಾತಿಯ ಹೆಣ್ಣು, ವೇಷ ಹಾಕಿಕೊಂಡಿದೆ ಅಷ್ಟೆ. ಕ್ರಿಮ್ಸನ್ ರೋಸ್‌ನ ಹುಳ ಈಶ್ವರಿ ಬಳ್ಳಿ ತಿಂದು ಬೆಳೆಯುತ್ತೆ, ಆ ಬಳ್ಳಿಯ ವಿಷ ಚಿಟ್ಟೆಯ ಮೈಯಲ್ಲೂ ಉಳಿಯುತ್ತೆ. ಒಮ್ಮೆ ಬಾಯಿ ಹಾಕಿದ ಹಕ್ಕಿ ಮತ್ತೆ ಮುಟ್ಟಲ್ಲ. ವಿಷವೇ ಇಲ್ಲದ ಮಾರ್ಮನ್ ಅದರ ಬಣ್ಣ ಹೊತ್ತು ಬಚಾವಾಗುತ್ತೆ. ಈ ವೇಷಗಾತಿಯ ಹುಳ ಬೆಳೆಯೋದು ನಮ್ಮ ಹಿತ್ತಲಿನ ಕರಿಬೇವು, ನಿಂಬೆ ಗಿಡದಲ್ಲೇ. ಮರಿಯಿದ್ದಾಗ ಹಕ್ಕಿ ಹಿಕ್ಕೆ ಥರ ಕಾಣುತ್ತೆ, ಹಾಗಾಗಿ ಹೊಸಕಿ ಹಾಕುವವರೇ ಜಾಸ್ತಿ.

ಕಿತ್ತಳೆ ಬಣ್ಣದ ಪ್ಲೇನ್ ಟೈಗರ್‌ಗೂ ಇಂಥದ್ದೇ ಒಂದು ನಕಲು ಇದೆ. ಹಿಂದಿನ ರೆಕ್ಕೆಯ ನಡುವೆ ಮೂರು-ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅಸಲಿ.

ತೋಟದ ಮೇಲೆ ಎತ್ತರದಲ್ಲಿ ಹಕ್ಕಿಯಷ್ಟು ದೊಡ್ಡದು, ಕಪ್ಪು-ಹಳದಿ ಬಣ್ಣದ್ದು ತೇಲಿ ಹೋದರೆ ಅದು ಸದರ್ನ್ ಬರ್ಡ್‌ವಿಂಗ್, ನಮ್ಮ ರಾಜ್ಯ ಚಿಟ್ಟೆ. ರೆಕ್ಕೆ ಬಿಚ್ಚಿದರೆ 19 ಸೆಂ.ಮೀ. ವರೆಗೂ ಬರುತ್ತೆ. ಮಹಾರಾಷ್ಟ್ರ 2015ರಲ್ಲಿ ಬ್ಲೂ ಮಾರ್ಮನ್ ಅನ್ನು ರಾಜ್ಯ ಚಿಟ್ಟೆ ಮಾಡಿದ ಮೇಲೆ ಕರ್ನಾಟಕ ಇದನ್ನು ಆರಿಸಿಕೊಂಡಿತು. ಹತ್ತಿರದಿಂದ ನೋಡಬೇಕೆಂದರೆ ಮೂಡಬಿದಿರೆ-ಕಾರ್ಕಳ ರಸ್ತೆಯ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿಯವರ ಚಿಟ್ಟೆ ಪಾರ್ಕ್ ಇದೆ. ಖಾಸಗಿ ಜಾಗ, ಎಲ್ಲ ದಿನ ತೆರೆದಿರಲ್ಲ, ವಿಚಾರಿಸಿಕೊಂಡೇ ಹೋಗಿ.

ಫೋಟೋ ತೆಗೆಯುವಾಗ ಎರಡು ತೆಗೀರಿ: ರೆಕ್ಕೆ ಬಿಚ್ಚಿದಾಗ ಒಂದು, ಮಡಚಿದಾಗ ಒಂದು. ಮೈ ಕಾಣೋ ಹಾಗಿರಲಿ. ನೆರಳು ಬಿದ್ದರೆ ಹಾರಿಹೋಗುತ್ತೆ, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಬೇಡಿ. ಮಕ್ಕಳು ಹಿಡಿದು ಡಬ್ಬಿಗೆ ಹಾಕೋದು ಬೇಡ, 1972ರ ವನ್ಯಜೀವಿ ಕಾಯ್ದೆಯಲ್ಲಿ ಹಲವು ಚಿಟ್ಟೆಗಳಿಗೆ ರಕ್ಷಣೆ ಇದೆ. ಹೆಸರು ಗೊತ್ತಾಗದಿದ್ದರೆ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಫೋಟೋ ಹಾಕಿ, ತಿಳಿದವರು ಹೇಳುತ್ತಾರೆ. ದಿನ, ಜಾಗ ತಪ್ಪದೆ ನಮೂದಿಸಿ.

ಟ್ರಿಪ್‌ಗೆ ಹೋಗಲಾಗದವರಿಗೂ ದಾರಿ ಇದೆ. ತಿಳಿನೀಲಿ ಗೀರಿನ ಬ್ಲೂ ಟೈಗರ್, ಕಂದುಗಪ್ಪಿನ ಕಾಮನ್ ಕ್ರೋ ಚಿಟ್ಟೆಗಳು ಮುಂಗಾರಿಗೆ ಮುಂಚೆ ಪಶ್ಚಿಮಘಟ್ಟ ಬಿಟ್ಟು ಪೂರ್ವದ ಬಯಲಿಗೆ ಹಾರುತ್ತವೆ, ಅಕ್ಟೋಬರ್-ನವೆಂಬರ್ ಹೊತ್ತಿಗೆ ವಾಪಸ್. ಈಗ ದೇವರಾಯನದುರ್ಗದ ಕಡೆ ಹೋದಾಗ ಗಿಲಿಕೆ ಗಿಡ ಕಂಡರೆ ಒಂದು ನಿಮಿಷ ನಿಂತು ನೋಡಿ, ಒಣಗಿದ ಕಡ್ಡಿಗೂ ಮುತ್ತಿಕೊಂಡಿರುತ್ತವೆ.