ಕ್ರೀಸಿನಲ್ಲಿ ನಿಂತವನ ಧರ್ಮ

ಹತ್ತೊಂಬತ್ತನೇ ಶತಮಾನದ ಕೊನೆಯ ವರ್ಷಗಳು. ಪುಣೆಯಲ್ಲಿ ಹಿಂದೂ ತಂಡದ ಪಂದ್ಯ, ಚಹಾ ವಿರಾಮ. ಆಟಗಾರರೆಲ್ಲ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ ಕುಡಿಯುತ್ತಾರೆ. ಬೆಳಗಿನಿಂದ ವಿಕೆಟ್ ಮೇಲೆ ವಿಕೆಟ್ ಉರುಳಿಸಿದ ಎಡಗೈ ಸ್ಪಿನ್ನರ್ ಮಾತ್ರ ಹೊರಗೆ ನಿಂತಿದ್ದಾರೆ. ಅವರ ಕೈಗೆ ಬರುವುದು ಕುಡಿದು ಬಿಸಾಡುವ ಮಣ್ಣಿನ ಕುಡಿಕೆ. ಅವರು ಎಸೆದ ಚೆಂಡನ್ನು ಹನ್ನೊಂದು ಮಂದಿಯೂ ಮುಟ್ಟುತ್ತಾರೆ, ಕಪ್ಪನ್ನು ಮಾತ್ರ ಯಾರೂ ಕೊಡುವುದಿಲ್ಲ.

ಆ ಸ್ಪಿನ್ನರ್ ಬಾಲೂ ಪಾಲ್ವಂಕರ್. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದಲ್ಲಿ. ತಂದೆ ಸೈನ್ಯದಲ್ಲಿದ್ದವರು, ಜಾತಿ ಚಮ್ಮಾರ. ಪುಣೆಯಲ್ಲಿ ಪಾರಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ, ರೋಲರ್ ಎಳೆಯುವ ಕೆಲಸಕ್ಕೆ ಸೇರಿದಾಗ ತಿಂಗಳಿಗೆ ಮೂರು ರೂಪಾಯಿ ಸಂಬಳ. ಆಮೇಲೆ ಇಂಗ್ಲಿಷರ ಪೂನಾ ಕ್ಲಬ್ಬಿಗೆ ಹೋದರು, ಸಂಬಳ ನಾಲ್ಕು ರೂಪಾಯಿಗೆ ಏರಿತು. ಅಲ್ಲಿ ದೊರೆಗಳಿಗೆ ನೆಟ್ಸ್‌ನಲ್ಲಿ ಬಾಲ್ ಹಾಕುತ್ತ ಹಾಕುತ್ತ ಕೈ ಪಳಗಿತು. ಬಾಲೂ ಮತ್ತು ಅವರ ಸೋದರರ ಈ ಕಥೆಯನ್ನು ಬೆಂಗಳೂರಿನಲ್ಲಿ ನೆಲೆಸಿರುವ ಇತಿಹಾಸಕಾರ ರಾಮಚಂದ್ರ ಗುಹಾ ವಿಸ್ತಾರವಾಗಿ ಬರೆಯುವ ತನಕ ಧಾರವಾಡದಲ್ಲೂ ಈ ಹೆಸರು ಬಲ್ಲವರು ಅಪರೂಪವಾಗಿದ್ದರು.

ಆಗಿನ ಕ್ರಿಕೆಟ್ಟಿನಲ್ಲಿ ಎದುರಾಳಿಯ ಧರ್ಮವನ್ನು ಎತ್ತಿ ಆಡಬೇಕಾದ ಅಗತ್ಯವೇ ಇರಲಿಲ್ಲ, ಸ್ಕೋರ್‌ಬೋರ್ಡಿನ ಮೇಲೆಯೇ ಅದು ಬರೆದಿರುತ್ತಿತ್ತು. ಬೊಂಬಾಯಿಯಲ್ಲಿ 1892ರಿಂದ ಯುರೋಪಿಯನ್ನರಿಗೂ ಪಾರಸಿಗಳಿಗೂ ಪಂದ್ಯ ನಡೆಯುತ್ತಿತ್ತು. 1907ರಲ್ಲಿ ಹಿಂದೂಗಳು ಸೇರಿದರು, 1912ರಲ್ಲಿ ಮುಸ್ಲಿಮರು. 1937ರಲ್ಲಿ ‘ಇತರರು’ ಎಂಬ ಐದನೇ ತಂಡ ಹುಟ್ಟಿತು. ಕ್ರೈಸ್ತರು, ಯಹೂದಿಗಳು, ಬೌದ್ಧರು, ಹೀಗೆ ಆ ನಾಲ್ಕು ಮನೆಗಳಲ್ಲಿ ಜಾಗ ಸಿಗದವರೆಲ್ಲ ಅದರಲ್ಲಿ. ವಿಜಯ್ ಹಜಾರೆ ಕ್ರೈಸ್ತರು, ಆದ್ದರಿಂದ ‘ಇತರರು’. 1943ರಲ್ಲಿ ಹಿಂದೂ ತಂಡದ ವಿರುದ್ಧ ಅವರ ತಂಡ ಗಳಿಸಿದ 387 ರನ್‌ಗಳಲ್ಲಿ 309 ಅವರೊಬ್ಬರವೇ!

ಬಾಲೂ ವಿಷಯಕ್ಕೆ ಮರಳಿದರೆ, 1906ರಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಅವರೂ ತಮ್ಮ ಶಿವರಾಮನೂ ತಂಡದಲ್ಲಿದ್ದರು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡಿಗೆ ಹೋದ ತಂಡಕ್ಕಾಗಿ ಅವರು ತೆಗೆದದ್ದು 114 ವಿಕೆಟ್. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. 1913ರಲ್ಲಿ ನಾಯಕರಾದ ಎಂ.ಡಿ. ಪೈ, ತಮ್ಮ ಸನ್ಮಾನ ಸಭೆಯಲ್ಲೇ ಎದ್ದು ನಿಂತು ಈ ಗೌರವ ಬಾಲೂ ಅವರಿಗೆ ಸಲ್ಲಬೇಕಿತ್ತು ಎಂದರು. ಬ್ರಾಹ್ಮಣ ನಾಯಕನೊಬ್ಬ ಆ ಕಾಲದಲ್ಲಿ ತುಂಬಿದ ಸಭೆಯಲ್ಲಿ ಆಡಿದ ಈ ಮಾತಿಗೆ ದೊಡ್ಡ ತೂಕವಿದೆ. ಹತ್ತು ವರ್ಷಗಳ ನಂತರ, 1923ರಲ್ಲಿ, ಬಾಲೂ ಅವರ ಇನ್ನೊಬ್ಬ ತಮ್ಮ ವಿಠಲ ಹಿಂದೂ ತಂಡವನ್ನು ಮುನ್ನಡೆಸಿದರು.

ಬಾಲೂ ಹುಟ್ಟಿದ ಧಾರವಾಡ ಆಗ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತ್ತು. ತುಂಗಭದ್ರೆಯ ಈಚೆ ದಡದ ಮೈಸೂರು ಸಂಸ್ಥಾನದ ಕಥೆ ಬೇರೆ. ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ, ಕೃಷ್ಣರಾಜನಗರಗಳೆಲ್ಲ ಒಡೆಯರ ಆಳ್ವಿಕೆಯ ಊರುಗಳು. ಈ ಸೀಮೆಯ ದೊಡ್ಡ ಕ್ರಿಕೆಟ್ ತಂಡಕ್ಕೆ ಇದ್ದ ಹೆಸರು ‘ಮೈಸೂರು’, ಅಂದರೆ ಊರಿನ ಹೆಸರು. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯವೇ ಈ ತಂಡದ್ದು. 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್‌ನಲ್ಲಿ ಎಂ.ಜೆ. ಗೋಪಾಲನ್ ಹಾಕಿದ ಮೊದಲ ಚೆಂಡನ್ನು ಎದುರಿಸಿದ ಮೈಸೂರಿನ ಬ್ಯಾಟ್ಸ್‌ಮನ್ ಹೆಸರು ಎನ್. ಕರ್ಟಿಸ್. ಮದರಾಸಿನ ಸಿಖ್ ಬೌಲರ್ ಎ.ಜಿ. ರಾಮ್ ಸಿಂಗ್ 35 ರನ್ನಿಗೆ 11 ವಿಕೆಟ್ ಕಿತ್ತರು. ಮೈಸೂರು 48 ಮತ್ತು 59ಕ್ಕೆ ಕುಸಿದು, ಒಂದೇ ದಿನದಲ್ಲಿ ಆಟ ಮುಗಿಯಿತು. ಹೀನಾಯ ಸೋಲು, ನಿಜ. ಆದರೆ ಆ ಸೋಲು ಮೈಸೂರಿನದು. ಅದನ್ನು ಯಾವ ಜಾತಿಯ, ಯಾವ ಮತದ ಲೆಕ್ಕಕ್ಕೂ ಬರೆಯುವಂತಿರಲಿಲ್ಲ.

ಬೊಂಬಾಯಿಯ ಮತವಾರು ಪಂದ್ಯಾವಳಿ ಅದಾದ ಮೇಲೂ ಹನ್ನೆರಡು ವರ್ಷ ನಡೆಯಿತು. 1940ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಕಾಲೇಜು ಕಾಲೇಜುಗಳ ನಡುವೆ, ಸಂಸ್ಥೆ ಸಂಸ್ಥೆಗಳ ನಡುವೆ ಪಂದ್ಯವಾದರೆ ಅರ್ಥವಾಗುತ್ತದೆ, ಹಿಂದೂ, ಮುಸ್ಲಿಂ, ಪಾರಸಿ ಎಂದು ತಂಡ ಕಟ್ಟುವುದೇಕೆ ಎಂಬುದು ಅವರ ಪ್ರಶ್ನೆ. 1946ರಲ್ಲಿ ಪಂದ್ಯಾವಳಿ ನಿಂತೇ ಹೋಯಿತು.

ಊರಿನ ಹೆಸರಲ್ಲಿ ಕಟ್ಟಿದ ತಂಡ ಏನು ಕೊಡಬಲ್ಲದು ಎಂಬುದು ಕನ್ನಡಿಗರ ಕಣ್ಣ ಮುಂದೆಯೇ ಇದೆ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಅದೇ ಋತುವಿನಲ್ಲಿ, ಸತತ ಹದಿನೈದು ವರ್ಷ ರಣಜಿ ಗೆದ್ದಿದ್ದ ಬೊಂಬಾಯಿಯನ್ನು ಪ್ರಸನ್ನ ನಾಯಕತ್ವದ ತಂಡ ಸೆಮಿಫೈನಲ್‌ನಲ್ಲಿ ಮಣಿಸಿ, ಮುಂದೆ ಟ್ರೋಫಿಯನ್ನೂ ತಂದಿತು. ಪ್ರಸನ್ನ, ಚಂದ್ರಶೇಖರ್ ಹಾಕಿದ ಚೆಂಡು ಎತ್ತ ತಿರುಗುತ್ತದೆಂದು ಕೈಯ ಚಲನೆಯಿಂದಲೇ ಓದಿ ಹಿಡಿಯುತ್ತಿದ್ದ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ. 1983ರ ವಿಶ್ವಕಪ್ಪಿನಲ್ಲಿ, ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಕಪಿಲ್ ದೇವ್ 175 ಬಾರಿಸಿದಾಗ ಇನ್ನೊಂದು ತುದಿಯಲ್ಲಿ ಕೊನೆಯ ತನಕ ನಿಂತು 24 ರನ್ ಮಾಡಿದವರೂ ಅವರೇ. ಮುರಿಯದ ಒಂಬತ್ತನೇ ವಿಕೆಟ್ಟಿಗೆ ಬಂದದ್ದು 126 ರನ್. ಆ ವಿಶ್ವಕಪ್ಪಿನಲ್ಲಿ ಅತಿ ಹೆಚ್ಚು, 18 ವಿಕೆಟ್ ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ. ಇವರಿಬ್ಬರನ್ನೂ ಕನ್ನಡಿಗರು ನೆನೆಯುವುದು ‘ನಮ್ಮ ಕಿರಿ, ನಮ್ಮ ಬಿನ್ನಿ’ ಎಂದೇ.

ತಂಡಗಳ ಹೆಸರಿನಿಂದ ಧರ್ಮ ಹೋಯಿತು. ಆಟಗಾರರ ಬಾಯಿಂದ ಪೂರ್ತಿ ಹೋಗಲಿಲ್ಲ.

2014ರ ಆಗಸ್ಟ್ 30, ಶ್ರೀಲಂಕಾದ ದಂಬುಲ್ಲ. ಪಾಕಿಸ್ತಾನ ಸೋತು ಆಟಗಾರರು ಪೆವಿಲಿಯನ್ ಕಡೆ ನಡೆಯುತ್ತಿದ್ದಾರೆ. ಪಾಕಿಸ್ತಾನದ ಅಹ್ಮದ್ ಶಹಜಾದ್ ಪಕ್ಕದಲ್ಲಿ ನಡೆಯುತ್ತಿದ್ದ ಶ್ರೀಲಂಕಾದ ತಿಲಕರತ್ನೆ ದಿಲ್ಶಾನ್‌ಗೆ, ಬೇರೆ ಧರ್ಮದವನು ಮುಸ್ಲಿಮನಾದರೆ ನೇರ ಸ್ವರ್ಗಕ್ಕೇ ಹೋಗುತ್ತಾನೆ ಎಂದರು. ದಿಲ್ಶಾನ್ ಕೊಟ್ಟ ಉತ್ತರ ಕ್ಯಾಮೆರಾಗೆ ಕೇಳಿಸಲಿಲ್ಲ. ಶಹಜಾದ್ ಮತ್ತೆ, ಹಾಗಾದರೆ ಬೆಂಕಿಗೆ ಸಿದ್ಧನಾಗು ಎಂದದ್ದು ಕೇಳಿಸಿತು. ದಿಲ್ಶಾನರ ತಂದೆ ಮುಸ್ಲಿಮರು, ತಾಯಿ ಬೌದ್ಧರು. ಹುಟ್ಟಿದಾಗ ಇಟ್ಟ ಹೆಸರು ತುವಾನ್ ಮೊಹಮದ್ ದಿಲ್ಶಾನ್, ಮುಂದೆ ತಾಯಿಯ ಧರ್ಮವನ್ನೇ ಅವರು ತಮ್ಮದಾಗಿಸಿಕೊಂಡರು. ಬೌದ್ಧ ಧರ್ಮ ಪಿರಿಯಾಪಟ್ಟಣದವರಿಗೆ ದೂರದ ವಿಷಯವೇನಲ್ಲ. ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರು ನೆಲೆಸಿದ್ದಾರೆ. ಅವರು ಸಂತೆಗೆ ಬಂದಾಗ ‘ನಿಮ್ಮ ಸ್ವರ್ಗ ಯಾವುದು’ ಎಂದು ಕೇಳುವವರು ಯಾರು? ಶಹಜಾದ್ ಆಡಿದ ಮಾತಿನಲ್ಲಿ ಒಂದೂ ಬೈಗುಳವಿಲ್ಲ, ಅದು ಉಪದೇಶವೆಂದು ಸಮರ್ಥಿಸುವವರೂ ಸಿಗುತ್ತಾರೆ. ಆದರೂ ಮನುಷ್ಯನೊಬ್ಬ ತನ್ನ ಮನೆಯೊಳಗಿನ ನೋವು, ನಂಬಿಕೆಗಳ ನಡುವೆ ತೆಗೆದುಕೊಂಡ ತೀರ್ಮಾನಕ್ಕೆ ಎದುರು ತಂಡದವನು ಮೈದಾನದಲ್ಲಿ ಕೈ ಹಾಕುವುದು ತಪ್ಪು.

2019ರ ಜನವರಿ 22ರಂದು ಡರ್ಬನ್‌ನಲ್ಲಿ ಸ್ಟಂಪ್ ಮೈಕ್ ಹಿಡಿದದ್ದು ಇನ್ನೂ ಕಹಿ. ದಕ್ಷಿಣ ಆಫ್ರಿಕಾದ ಆಂಡಿಲೆ ಫೆಹ್ಲುಕ್ವಾಯೊ ಬ್ಯಾಟ್ ಮಾಡುತ್ತಿದ್ದರು. ವಿಕೆಟ್ ಹಿಂದಿನಿಂದ ಪಾಕಿಸ್ತಾನದ ನಾಯಕ ಸರ್ಫರಾಜ್ ಅಹ್ಮದ್ ಉರ್ದುವಿನಲ್ಲಿ ಅವರ ಬಣ್ಣ ಎತ್ತಿ ಕರೆದರು. ನಿನ್ನ ತಾಯಿ ಇವತ್ತು ಎಲ್ಲಿ ಕೂತಿದ್ದಾಳೆ, ನಿನಗಾಗಿ ಏನು ಪ್ರಾರ್ಥನೆ ಮಾಡಿಸಿಕೊಂಡು ಬಂದೆ ಎಂದು ಕೆಣಕಿದರು. ಬಣ್ಣ, ತಾಯಿ, ಪ್ರಾರ್ಥನೆ ಮೂರೂ ಒಂದೇ ಉಸಿರಿನಲ್ಲಿ. ಭಾಷೆ ತಿಳಿಯದ ಬ್ಯಾಟ್ಸ್‌ಮನ್‌ಗೆ ಅದು ಅರ್ಥವಾಗಿರಲಾರದು, ಜಗತ್ತಿಗೆ ಅರ್ಥವಾಯಿತು. ಸರ್ಫರಾಜ್ ಕ್ಷಮೆ ಕೇಳಿದರು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ನಾಲ್ಕು ಪಂದ್ಯ ನಿಷೇಧ ಹೇರಿತು. ಮಂಡಳಿಯ ಜನಾಂಗೀಯ ನಿಂದನೆ ವಿರೋಧಿ ಸಂಹಿತೆಯಲ್ಲಿ ಬಣ್ಣ, ವಂಶ, ರಾಷ್ಟ್ರೀಯತೆಗಳ ಜೊತೆಗೆ ಧರ್ಮದ ಹೆಸರೂ ಇದೆ.

ಮೈಕಿಗೆ ಸಿಗದೆ ಹೋದ ಮಾತಿನ ಗತಿ ಬೇರೆ. 2015ರಲ್ಲಿ ಕಾರ್ಡಿಫ್‌ನ ಆ್ಯಷಸ್ ಟೆಸ್ಟಿನಲ್ಲಿ ಆಸ್ಟ್ರೇಲಿಯಾದ ಆಟಗಾರನೊಬ್ಬ ತನ್ನನ್ನು ‘ಒಸಾಮಾ’ ಎಂದು ಕರೆದ ಎಂದು ಇಂಗ್ಲೆಂಡಿನ ಮೊಯಿನ್ ಅಲಿ 2018ರ ಆತ್ಮಕಥೆಯಲ್ಲಿ ಬರೆದರು. ವಿಚಾರಣೆ ನಡೆಯಿತು, ಹೊಸ ಪುರಾವೆ ಸಿಗದೆ ಮುಗಿಯಿತು. ಗಡ್ಡ ಬಿಟ್ಟ ಆಟಗಾರನಿಗೆ ಆ ಒಂದು ಪದ ಎಷ್ಟು ವರ್ಷ ಕಿವಿಯಲ್ಲಿ ಉಳಿಯಿತೆಂಬುದಕ್ಕೆ ಆ ಪುಸ್ತಕವೇ ಸಾಕ್ಷಿ.

ಕ್ರಿಕೆಟ್ಟಿನಲ್ಲಿ ಕೆಣಕುವುದು ಹೊಸದಲ್ಲ. ‘ಇವನಿಗೆ ಸ್ಪಿನ್ ಆಡೋಕೆ ಬರಲ್ಲ ಕಣೋ’ ಎಂದು ಸ್ಲಿಪ್‌ನಿಂದ ಕೂಗಿದರೆ ಬ್ಯಾಟ್ಸ್‌ಮನ್ ಮುಂದಿನ ಚೆಂಡಿಗೆ ಉತ್ತರ ಕೊಡಬಹುದು, ಸಿಕ್ಸರ್ ಹೊಡೆದು ಬಾಯಿ ಮುಚ್ಚಿಸಬಹುದು. ಧರ್ಮ ಎತ್ತಿ ಆಡಿದ ಮಾತಿಗೆ ಬ್ಯಾಟಿನಲ್ಲಿ ಉತ್ತರವಿಲ್ಲ. ಕ್ರೀಸ್ ಬಿಟ್ಟು ಹೋಗುವಂತೆಯೂ ಇಲ್ಲ. ಆ ಮಾತು ಅವನನ್ನು ಅವನ ತಂಡದಿಂದ ಕಿತ್ತು, ಬೊಂಬಾಯಿಯ ಹಳೆಯ ಪಂದ್ಯಾವಳಿಯ ಯಾವುದೋ ಒಂದು ಮನೆಗೆ ತಳ್ಳುತ್ತದೆ.

ಪಿರಿಯಾಪಟ್ಟಣದಲ್ಲಿ, ಬೆಟ್ಟದಪುರದಲ್ಲಿ, ಹುಣಸೂರು, ಹೆಗ್ಗಡದೇವನಕೋಟೆಯ ಊರುಗಳಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್ ನಡೆಸುವ ಹುಡುಗರಿಗೆ ಒಂದು ಕೋರಿಕೆ. ನೀವು ಅಚ್ಚು ಹಾಕಿಸುವ ಕರಪತ್ರದಲ್ಲಿ ಪ್ರವೇಶ ಶುಲ್ಕ, ಓವರ್ ಲೆಕ್ಕ, ಅಂಪೈರ್ ತೀರ್ಪೇ ಅಂತಿಮ ಎಂಬ ನಿಯಮಗಳಿರುತ್ತವೆ. ಅವುಗಳ ಕೆಳಗೆ ಇನ್ನೊಂದು ಸಾಲು ಸೇರಿಸಿ: ಜಾತಿ, ಧರ್ಮ ಎತ್ತಿ ಮಾತಾಡಿದ ಆಟಗಾರ ಆ ಪಂದ್ಯದಿಂದ ಹೊರಗೆ. ಮತ್ತು ವಿರಾಮದಲ್ಲಿ ಎಲ್ಲರಿಗೂ ಒಂದೇ ಥರದ ಲೋಟದಲ್ಲಿ ಟೀ ಕೊಡಿ.