‘ಕಾತೆಂಕಾ’: ರಷ್ಯದ ನೂರು ರೂಬಲ್ ನೋಟು

ದಿನವೂ ಕೈಯಿಂದ ಕೈಗೆ ದಾಟಿಸುವ ನೋಟಿನ ಮೇಲೆ ಏನು ಅಚ್ಚಾಗಿದೆಯೆಂದು ನಾವು ಓದುವುದು ಅಪರೂಪ. ಓದಿದರೆ ಕೆಲವೊಮ್ಮೆ ಒಂದು ದೇಶದ ಚರಿತ್ರೆಯೇ ಅಲ್ಲಿ ಸಿಗುತ್ತದೆ. ಚಕ್ರವರ್ತಿ ಎರಡನೆಯ ನಿಕೊಲಸನ ಕಾಲದಲ್ಲಿ ರಷ್ಯದಲ್ಲಿ ಹೊರಬಂದ 1910ರ ನೂರು ರೂಬಲ್ ನೋಟು ಅಂಥದ್ದು.

ಗೇಣಿಗಿಂತ ಉದ್ದವಾದ ಈ ನೋಟಿನ ಮೇಲೆ ಮಹಾರಾಣಿ ಎರಡನೆಯ ಕ್ಯಾಥರೀನಳ ಚಿತ್ರವಿತ್ತು. ರಷ್ಯದಲ್ಲಿ ಮೊಟ್ಟಮೊದಲು, 1769ರಲ್ಲಿ, ಕಾಗದದ ಹಣವನ್ನು ಚಲಾವಣೆಗೆ ತಂದವಳು ಆಕೆಯೇ. ಜನರು ಸಲಿಗೆಯಿಂದ ಈ ನೋಟನ್ನು ‘ಕಾತೆಂಕಾ’ ಎಂದರು. ಮನೆಮಗಳನ್ನು ಮುದ್ದಿನಿಂದ ಕರೆಯುವ ಹೆಸರು ಅದು.

ನೋಟಿನ ಮೇಲೆ ಜನರಿಗೆ ನಂಬಿಕೆಯೂ ಇತ್ತು. ಹಣಕಾಸು ಮಂತ್ರಿ ಸೆರ್ಗೆಯ್ ವಿಟ್ಟೆ 1897ರಲ್ಲಿ ರೂಬಲನ್ನು ಚಿನ್ನಕ್ಕೆ ಕಟ್ಟಿದ್ದರು. ಸರ್ಕಾರಿ ಬ್ಯಾಂಕು ಮಿತಿಯಿಲ್ಲದೆ ಚಿನ್ನದ ನಾಣ್ಯ ಕೊಡುವುದೆಂದೂ, ರೂಬಲಿಗೆ ಇಷ್ಟು ಶುದ್ಧ ಚಿನ್ನವೆಂದೂ ನೋಟಿನ ಮೇಲೆಯೇ ಅಚ್ಚಾಗಿತ್ತು. ಆ ಲೆಕ್ಕದಲ್ಲಿ ಒಂದು ಕಾತೆಂಕಾಗೆ ಸುಮಾರು 77 ಗ್ರಾಂ ಚಿನ್ನ.

1914ರಲ್ಲಿ ಮಹಾಯುದ್ಧ ಆರಂಭವಾದ ಕೆಲವೇ ದಿನಗಳಲ್ಲಿ ಸರ್ಕಾರ ಚಿನ್ನ ಕೊಡುವುದನ್ನು ನಿಲ್ಲಿಸಿತು. ನೋಟಿನ ಮೇಲಿನ ಮಾತನ್ನು ಮಾತ್ರ ತೆಗೆಯಲಿಲ್ಲ. ಯುದ್ಧದ ಖರ್ಚಿಗೆ ಅಚ್ಚಿನ ಯಂತ್ರವೇ ಆಧಾರವಾಯಿತು. ಯುದ್ಧಕ್ಕೆ ಮುಂಚೆ ಸುಮಾರು 163 ಕೋಟಿ ರೂಬಲ್ ಬೆಲೆಯ ನೋಟುಗಳು ಚಲಾವಣೆಯಲ್ಲಿದ್ದವು. 1917ರ ಆರಂಭಕ್ಕೆ ಅದು 900 ಕೋಟಿ ದಾಟಿತ್ತು. ಆ ವರ್ಷ ಚಕ್ರವರ್ತಿ ಸಿಂಹಾಸನ ಬಿಟ್ಟ. ಆಮೇಲೆ ಬಂದ ತಾತ್ಕಾಲಿಕ ಸರ್ಕಾರವೂ, ಅದನ್ನು ಕೆಡವಿದ ಬೋಲ್ಶೆವಿಕರೂ ಕೆಲಕಾಲ ಹಳೆಯ ಅಚ್ಚಿನಿಂದಲೇ ನೋಟು ಮುದ್ರಿಸಿದರು. ಅದೇ ರಾಣಿ, ಅದೇ 1910, ಅದೇ ಚಿನ್ನದ ಮಾತು.

ಅಂತರ್ಯುದ್ಧದ ದಿನಗಳಲ್ಲಿ ಹೊಸ ಹೊಸ ಸರ್ಕಾರಗಳ ನೋಟುಗಳಿಗಿಂತ ಚಕ್ರವರ್ತಿಯ ಕಾಲದ ನೋಟೇ ಮೇಲೆಂದು ಜನ ಅವನ್ನು ಕೂಡಿಟ್ಟರು. ಹಳೆಯ ಕಾಲ ಮರಳೀತು, ಬ್ಯಾಂಕು ಮಾತು ಉಳಿಸಿಕೊಂಡೀತು ಎಂಬ ಆಸೆ. ದೇಶ ಬಿಟ್ಟು ಹೋದವರೂ ಜೊತೆಗೆ ಕೊಂಡೊಯ್ದರು. ಆದರೆ 1922ರಲ್ಲಿ 10,000 ಹಳೆಯ ರೂಬಲಿಗೆ ಒಂದು ಹೊಸ ರೂಬಲ್ ಎಂದಾಯಿತು. ಮರುವರ್ಷ ಅಂಥ ನೂರಕ್ಕೆ ಒಂದು, 1924ರಲ್ಲಿ ಮತ್ತೆ 50,000ಕ್ಕೆ ಒಂದು. ಗುಣಿಸಿ ನೋಡಿದರೆ 5,000 ಕೋಟಿ ಹಳೆಯ ರೂಬಲಿಗೆ ಒಂದೇ ಒಂದು ರೂಬಲ್!

ಇಂದು ಕಾತೆಂಕಾ ಸಂಗ್ರಾಹಕರ ಕೈಯಲ್ಲಿದೆ. ಅವರು ಮೊದಲು ನೋಡುವುದು ಬ್ಯಾಂಕಿನ ಮುಖ್ಯಾಧಿಕಾರಿಯ ಸಹಿಯನ್ನು. ಕೊನ್‌ಶಿನ್ ಸಹಿಯಿದ್ದರೆ ನೋಟು ಚಿನ್ನ ಸಿಗುತ್ತಿದ್ದ ಕಾಲದ್ದು. ಶೀಪೋವ್ ಸಹಿಯಿದ್ದರೆ 1914 ಅಥವಾ ಆಮೇಲಿನದು. ಉಳಿದಂತೆ ಚಿತ್ರವೂ ಒಂದೇ, ಕೊಟ್ಟ ಮಾತೂ ಒಂದೇ. ನಮ್ಮ ಮಕ್ಕಳಲ್ಲಿ ನೋಟು, ಅಂಚೆಚೀಟಿ ಕೂಡಿಡುವವರಿದ್ದರೆ, ಎಂದಾದರೂ ಇದು ಕೈಗೆ ಸಿಕ್ಕಾಗ ರಾಣಿಯ ಜೊತೆಗೆ ಆ ಸಹಿಯನ್ನೂ ನೋಡಲಿ.